ನಿಖರತೆಯ ಅಂಕಿಗಿಂತ ಮೊದಲು ರಕ್ತದ ಮಾದರಿಯ ವಿವರ ಕೇಳಿ

ಮಾನ್ಯ ಸಂಪಾದಕರೇ,

‘ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ’, ‘ಲಕ್ಷಣ ಕಾಣುವ ಮೊದಲೇ ಕಾಯಿಲೆ ಹೇಳುವ ಪ್ರೋಟೀನ್’ ಎಂಬ ಬಗೆಯ ತಲೆಬರಹಗಳು ಕನ್ನಡ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ತಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ಇಲ್ಲಿನ ಪರಿಚಯದವರು, ಅದರಲ್ಲೂ ಮನೆಯಲ್ಲಿ ಒಬ್ಬರನ್ನು ಕ್ಯಾನ್ಸರಿಗೆ ಕಳೆದುಕೊಂಡವರು, ಆ ಪರೀಕ್ಷೆ ಹೈದರಾಬಾದಿನಲ್ಲಿ ಸಿಗುತ್ತದೆಯೇ, ಸೊಲ್ಲಾಪುರದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು ಬರುತ್ತಾರೆ. ಕಲಬುರಗಿಯಲ್ಲಿ ಜೀವರಸಾಯನಶಾಸ್ತ್ರದ ಪಾಠ ಮಾಡಿ ನಿವೃತ್ತನಾದ ನನ್ನ ಬಳಿ ಅವರಿಗೆ ಕೊಡಲು ನೇರ ಉತ್ತರ ಇರುವುದಿಲ್ಲ, ಏಕೆಂದರೆ ಉತ್ತರಕ್ಕೆ ಬೇಕಾದ ವಿವರವೇ ಸುದ್ದಿಯಲ್ಲಿ ಇರುವುದಿಲ್ಲ. ಯಂತ್ರದ ಹೆಸರಿರುತ್ತದೆ, ಶೇಕಡಾ ತೊಂಬತ್ತನ್ನು ಮೀರಿದ ನಿಖರತೆಯ ಅಂಕಿಯೊಂದಿರುತ್ತದೆ. ರೋಗಿಗಳ ರಕ್ತ ಎಲ್ಲಿಂದ ಬಂತು, ರೋಗವಿಲ್ಲದವರ ರಕ್ತ ಎಲ್ಲಿಂದ ಬಂತು, ಯಂತ್ರ ಕೊಟ್ಟ ದತ್ತಾಂಶವನ್ನು ಯಾರು ಹೇಗೆ ಸಂಸ್ಕರಿಸಿದರು ಎಂಬುದು ಮಾತ್ರ ಇರುವುದಿಲ್ಲ. ನನ್ನ ವಿನಂತಿ ಈ ಬಿಟ್ಟುಹೋದ ವಿವರವನ್ನು ಕುರಿತದ್ದು.

ಪ್ರೋಟೀನನ್ನು ಕಾಯಿಲೆಯ ಸೂಚಕವಾಗಿ ಬಳಸುವುದು ಹೊಸದೇನಲ್ಲ. ಮಧುಮೇಹ ಇರುವವರೆಲ್ಲ ‘ಮೂರು ತಿಂಗಳ ಶುಗರ್’ ಎಂದು ಕರೆಯುವ ಎಚ್‌ಬಿಎ1ಸಿ ಪರೀಕ್ಷೆಯೂ ಒಂದು ಪ್ರೋಟೀನ್ ಪರೀಕ್ಷೆಯೇ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದು ಹಿಮೋಗ್ಲೋಬಿನ್ನಿಗೆ ಹೆಚ್ಚು ಹೆಚ್ಚಾಗಿ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಅಣುವಿನ ತೂಕ 162 ಡಾಲ್ಟನ್‌ನಷ್ಟು (ಡಾಲ್ಟನ್ ಎಂದರೆ ಅಣುವಿನ ತೂಕದ ಮಾನ) ಏರುತ್ತದೆ, ಮತ್ತು ಈ ಪರೀಕ್ಷೆಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿತವಾದ ಮಾನಕ ವಿಧಾನಗಳಲ್ಲಿ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವನ್ನು ಬಳಸುವ ವಿಧಾನವೂ ಸೇರಿದೆ. ಎದೆನೋವೆಂದು ಆಸ್ಪತ್ರೆಗೆ ಹೋದವರಿಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಇದೇ ಜಾತಿಯದು. ಹೃದಯದ ಸ್ನಾಯು ಹಾನಿಗೊಂಡಾಗ ಅದರೊಳಗಿನ ಟ್ರೋಪೋನಿನ್ ರಕ್ತಕ್ಕೆ ಸೋರುತ್ತದೆ. ಎರಡರಲ್ಲೂ ಯಾವ ಪ್ರೋಟೀನನ್ನು ಅಳೆಯಬೇಕು, ಅದು ಏಕೆ ಏರುತ್ತದೆ ಎಂಬುದು ತಿಳಿದಿದೆ. ಆದರೆ ಸುದ್ದಿಯಾಗುವ ಹೊಸ ಸಂಶೋಧನೆಗಳ ದಾರಿ ಬೇರೆ. ಯಾವ ಪ್ರೋಟೀನ್ ಎಂಬುದು ಮೊದಲೇ ಗೊತ್ತಿಲ್ಲದೆ, ಸಾವಿರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆದು, ರೋಗಿಗಳಲ್ಲಿ ಒಂದು ರೀತಿ, ಉಳಿದವರಲ್ಲಿ ಇನ್ನೊಂದು ರೀತಿ ಕಾಣುವುದು ಯಾವುದೆಂದು ಅಲ್ಲಿ ಹುಡುಕಲಾಗುತ್ತದೆ. ಹೀಗೆ ಹುಡುಕುವಾಗ ಏನಾದರೊಂದು ಸಿಗದೇ ಇರುವುದೇ ಅಪರೂಪ, ಕಷ್ಟವಿರುವುದು ಅಲ್ಲಿಯೇ.

ಈ ಹುಡುಕಾಟಕ್ಕೆ ಬಳಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಕೆಲಸವನ್ನು ಚುಟುಕಾಗಿ ಹೇಳುವುದಾದರೆ, ಸೀರಂನಲ್ಲಿರುವ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿರುವ) ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ, ಆ ತುಂಡುಗಳಿಗೆ ವಿದ್ಯುದಾವೇಶ ಕೊಟ್ಟು ಹಾರಿಸಿ, ತೂಕ ಮತ್ತು ಆವೇಶದ ಅನುಪಾತವನ್ನು ಅಳೆಯಲಾಗುತ್ತದೆ. ಪ್ರೋಟೀನಿನಂಥ ದೊಡ್ಡ ಅಣುವನ್ನು ಚೂರಾಗದಂತೆ ಗಾಳಿಗೆ ಏರಿಸುವ ವಿಧಾನಗಳನ್ನು ಕಂಡುಹಿಡಿದುದಕ್ಕೆ ಜಾನ್ ಫೆನ್ ಮತ್ತು ಕೊಯಿಚಿ ತನಾಕ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. ಆ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಯಂತ್ರದಿಂದ ಹೊರಬರುವುದು ಕಾಯಿಲೆಯ ಹೆಸರಲ್ಲ, ಪ್ರೋಟೀನಿನ ಹೆಸರು ಕೂಡ ಅಲ್ಲ. ಈ ಅನುಪಾತದಲ್ಲಿ ಇಷ್ಟು ಸಂಕೇತ ಎಂಬ ಅಂಕಿಗಳ ಜೋಡಿಗಳು, ಅದೂ ಲಕ್ಷಗಟ್ಟಲೆ.

ಈ ಅಂಕಿಗಳು ಉತ್ತರವಾಗುವ ಮೊದಲು ಹಲವು ಕೈಗಳನ್ನು ದಾಟಬೇಕು. ಯಂತ್ರದ ಹಿನ್ನೆಲೆ ಗದ್ದಲವನ್ನು ಕಳೆಯಬೇಕು. ಒಂದು ಮಾದರಿಯಲ್ಲಿ ಕಂಡ ಶಿಖರವೂ (ಸಂಕೇತ ಏರಿದ ಜಾಗವೂ) ಇನ್ನೊಂದರಲ್ಲಿ ಕೂದಲೆಳೆ ಆಚೀಚೆ ಕಂಡ ಶಿಖರವೂ ಒಂದೇ ಎಂದು ತೀರ್ಮಾನಿಸಿ ಹೊಂದಿಸಬೇಕು. ಒಂದು ದಿನ ಯಂತ್ರ ಒಟ್ಟಾರೆ ಜೋರಾಗಿ ಓದಿ ಮರುದಿನ ಮೆತ್ತಗೆ ಓದಿದ್ದರೆ ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು. ಆಮೇಲೆ ಆ ತುಂಡುಗಳು ಯಾವ ಪ್ರೋಟೀನಿನವು ಎಂದು ದತ್ತಕೋಶದಲ್ಲಿ ಹುಡುಕಬೇಕು. ಈ ಕೊನೆಯ ಹಂತದಲ್ಲಿ ಒಂದು ಸೊಗಸಾದ ಉಪಾಯವಿದೆ: ನಿಜವಾದ ಪ್ರೋಟೀನ್‌ಗಳ ಜೊತೆಗೆ, ಅವುಗಳ ಅಮೈನೊ ಆಮ್ಲಗಳ ಸರಣಿಯನ್ನು ಹಿಂದುಮುಂದು ಮಾಡಿದ, ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ನಕಲಿ ಪ್ರೋಟೀನ್‌ಗಳನ್ನೂ ಪಟ್ಟಿಯಲ್ಲಿ ಸೇರಿಸಲಾಗುತ್ತದೆ. ಹುಡುಕಾಟದಲ್ಲಿ ಎಷ್ಟು ನಕಲಿಗಳು ‘ಸಿಕ್ಕವು’ ಎಂಬುದರಿಂದ ನಿಜವೆಂದುಕೊಂಡವುಗಳಲ್ಲಿ ಎಷ್ಟು ತಪ್ಪಿರಬಹುದೆಂದು ಅಂದಾಜು ಮಾಡಿ, ಆ ಪ್ರಮಾಣವನ್ನು ಸಾಮಾನ್ಯವಾಗಿ ಶೇ 1ಕ್ಕೆ ಮಿತಿಗೊಳಿಸಲಾಗುತ್ತದೆ. ತನ್ನ ತಪ್ಪನ್ನು ತಾನೇ ಎಣಿಸಿಕೊಳ್ಳುವ ಇಂಥ ಶಿಸ್ತು ಮುಂದಿನ ಹಂತಗಳಲ್ಲೂ ಇದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಮುಂದಿನ ಹಂತಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಅಂಕಿಗಳ ಕೋಷ್ಟಕದಲ್ಲಿ ಉಳಿಯುವ ಖಾಲಿ ಮನೆಗಳದು. ರಕ್ತದ ಪ್ಲಾಸ್ಮಾದಲ್ಲಿರುವ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಒಂದರದೇ. ಇಪ್ಪತ್ತೆರಡು ಪ್ರೋಟೀನ್‌ಗಳು ಸೇರಿದರೆ ಒಟ್ಟು ತೂಕದ ಸುಮಾರು ಶೇ 99 ಮುಗಿಯುತ್ತದೆ. ಕಾಯಿಲೆಯ ಸುಳಿವು ಕೊಡಬಹುದಾದ ಅಂಗಾಂಶದ ಪ್ರೋಟೀನ್‌ಗಳು ಉಳಿದ ಶೇ 1ರೊಳಗೆ, ಆಲ್ಬುಮಿನ್‌ಗಿಂತ ಲಕ್ಷಾಂತರ ಪಟ್ಟು, ಕೆಲವಂತೂ ನೂರು ಕೋಟಿ ಪಟ್ಟಿಗೂ ಮಿಕ್ಕಿ, ಕಡಿಮೆ ಪ್ರಮಾಣದಲ್ಲಿ ಇರುತ್ತವೆ. ಹೀಗಾಗಿ ಯಂತ್ರಕ್ಕೆ ಒಂದು ಮಾದರಿಯಲ್ಲಿ ಕಂಡ ಪ್ರೋಟೀನ್ ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಅದು ಅಲ್ಲಿ ಇರಲಿಲ್ಲವೋ, ಇದ್ದೂ ಯಂತ್ರದ ಕಣ್ಣಿಗೆ ಬೀಳಲಿಲ್ಲವೋ ಎಂಬುದು ಕೋಷ್ಟಕದ ಖಾಲಿ ಮನೆಯನ್ನು ನೋಡಿದರೆ ತಿಳಿಯದು. ಲೆಕ್ಕ ಮುಂದುವರಿಯಬೇಕಾದ್ದರಿಂದ ಬಹಳಷ್ಟು ಕಡೆ ಅಲ್ಲೊಂದು ಸಣ್ಣ ಅಂಕಿಯನ್ನು ತುಂಬುತ್ತಾರೆ. ಆರೋಗ್ಯವಂತರ ಮಾದರಿಗಳು ಯಂತ್ರ ಮಂಕಾಗಿದ್ದ ದಿನ ಓಡಿದ್ದರೆ ಅವರ ಸಾಲಿನಲ್ಲಿ ಖಾಲಿ ಮನೆಗಳು ಹೆಚ್ಚು, ತುಂಬಿದ ಸಣ್ಣ ಅಂಕಿಗಳೂ ಹೆಚ್ಚು; ಆಗ ರೋಗಿಗಳಲ್ಲಿ ಆ ಪ್ರೋಟೀನ್ ‘ಏರಿದೆ’ ಎಂಬ ಫಲಿತಾಂಶ ಬಂದೇ ಬರುತ್ತದೆ.

ಇದು ಬರಿಯ ಊಹೆಯಲ್ಲ. 2002ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಂಡಾಶಯದ ಕ್ಯಾನ್ಸರ್ ಕುರಿತ ಒಂದು ಅಧ್ಯಯನ ಪ್ರಕಟವಾಯಿತು. ಬರೆದವರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ಹಾಗೂ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳಿದ್ದರು. ಸೀರಂನ ಮಾಸ್ ಸ್ಪೆಕ್ಟ್ರಂ ವಿನ್ಯಾಸವೊಂದನ್ನೇ (ಯಂತ್ರ ಕೊಟ್ಟ ಶಿಖರಗಳ ಚಿತ್ರವನ್ನೇ) ನೋಡಿ 50 ಕ್ಯಾನ್ಸರ್ ರೋಗಿಗಳಲ್ಲಿ 50 ಮಂದಿಯನ್ನೂ, ಕ್ಯಾನ್ಸರ್ ಇಲ್ಲದ 66 ಮಂದಿಯಲ್ಲಿ 63 ಮಂದಿಯನ್ನೂ ಸರಿಯಾಗಿ ಗುರುತಿಸಿದ್ದಾಗಿ ಅದು ಹೇಳಿತು. ಮೊದಲ ಹಂತದಲ್ಲಿದ್ದ 18 ಮಂದಿಯೂ ಆ ಐವತ್ತರಲ್ಲಿ ಸೇರಿದ್ದರು. ಅಂಡಾಶಯದ ಕ್ಯಾನ್ಸರ್ ಬಹುತೇಕ ತಡವಾಗಿಯೇ ಗೊತ್ತಾಗುವ ಕಾಯಿಲೆಯಾದ್ದರಿಂದ ಜಗತ್ತಿನಾದ್ಯಂತ ಅದು ದೊಡ್ಡ ಸುದ್ದಿಯಾಯಿತು. ಪರೀಕ್ಷೆಯನ್ನು ಮಾರುಕಟ್ಟೆಗೆ ತರುವ ಸಿದ್ಧತೆಯೂ ನಡೆಯಿತು.

ಲೇಖಕರು ಒಂದು ಒಳ್ಳೆಯ ಕೆಲಸ ಮಾಡಿದ್ದರು: ತಮ್ಮ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿ ಇಟ್ಟಿದ್ದರು. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ, ಜೆಫ್ರಿ ಮಾರಿಸ್ ಮತ್ತು ಕೆವಿನ್ ಕೂಂಬ್ಸ್ ಅದನ್ನು ಇಳಿಸಿಕೊಂಡು ಮತ್ತೆ ಲೆಕ್ಕ ಹಾಕಿ 2004ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಒಂದು ದತ್ತಾಂಶದಲ್ಲಿ ಕ್ಯಾನ್ಸರನ್ನು ಗುರುತಿಸಿದ ವಿನ್ಯಾಸ ಅದೇ ಸಂಶೋಧಕರ ಇನ್ನೊಂದು ದತ್ತಾಂಶದಲ್ಲಿ ಕೆಲಸ ಮಾಡಲಿಲ್ಲ. ಯಂತ್ರದ ಅಳತೆಗೋಲು ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಸರಿದಂತಿತ್ತು. ಎಲ್ಲಕ್ಕಿಂತ ಬೆರಗಿನ ಸಂಗತಿಯೆಂದರೆ, ಜೈವಿಕ ಮಾಹಿತಿ ಇರುವ ಸಂಭವವೇ ಇಲ್ಲದ, ಯಂತ್ರದ ಗದ್ದಲವಷ್ಟೇ ಇರುವ ಅತಿ ಕಡಿಮೆ ತೂಕದ ಭಾಗವನ್ನು ನೋಡಿದರೂ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಚೆನ್ನಾಗಿ ಬೇರ್ಪಡಿಸಬಹುದಿತ್ತು. ಗದ್ದಲವೇ ರೋಗಿಯನ್ನು ಗುರುತಿಸುತ್ತಿದೆ ಎಂದರೆ, ಆ ಎರಡು ಗುಂಪುಗಳ ಮಾದರಿಗಳು ಯಂತ್ರದ ಕೈಯಲ್ಲಿ ಎಲ್ಲೋ ಬೇರೆ ಬೇರೆ ಉಪಚಾರ ಪಡೆದಿವೆ ಎಂದೇ ಅರ್ಥ. 2004ರಲ್ಲಿ ಅಮೆರಿಕದ ಔಷಧ ಆಡಳಿತವು ಆ ಪರೀಕ್ಷೆಯ ಮಾರಾಟಕ್ಕೆ ಅಡ್ಡ ಬಂದಿತು. ಪರೀಕ್ಷೆ ಮಾರುಕಟ್ಟೆಗೆ ಬರಲೇ ಇಲ್ಲ.

ಇದೇ ತಪ್ಪು ನಮ್ಮಲ್ಲಿ ನಡೆಯುವುದಾದರೆ ಹೇಗೆ ನಡೆದೀತು ಎಂದು ಯೋಚಿಸಿ ನೋಡೋಣ. ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಯ ಒಳರೋಗಿಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಅದೇ ಕಟ್ಟಡದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಸೀರಂ ಬೇರ್ಪಡಿಸಿ ಫ್ರೀಜರಿನಲ್ಲಿ ಇಡುತ್ತಾರೆ ಎನ್ನೋಣ. ಹೋಲಿಕೆಗೆ ಆರೋಗ್ಯವಂತರು ಬೇಕಲ್ಲ, ಅದಕ್ಕಾಗಿ ಏಪ್ರಿಲ್ ತಿಂಗಳಲ್ಲಿ ಚಿಂಚೋಳಿಯ ಕಡೆ ಒಂದು ಉಚಿತ ತಪಾಸಣಾ ಶಿಬಿರ ಏರ್ಪಡುತ್ತದೆ. ಶಾಮಿಯಾನಾದ ಕೆಳಗೆ, ಊಟ ಮಾಡಿ ಬಂದವರ ರಕ್ತವನ್ನು ಮಧ್ಯಾಹ್ನದವರೆಗೂ ತೆಗೆದು, ಥರ್ಮಾಕೋಲ್ ಡಬ್ಬಿಯಲ್ಲಿ ಕರಗುತ್ತಿರುವ ಐಸ್ ಪ್ಯಾಕಿನ ಪಕ್ಕ ಟ್ಯೂಬುಗಳನ್ನಿಟ್ಟು, ಸಂಜೆಯ ಹೊತ್ತಿಗೆ ಜೀಪಿನಲ್ಲಿ ಕಲಬುರಗಿಗೆ ತರುತ್ತಾರೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಒಳಗೆ ಟ್ಯೂಬಿನ ಕುಲುಕಾಟ. ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್, ಕಾರ್ಬಾನಿಕ್ ಆನ್‌ಹೈಡ್ರೇಸ್, ಪೆರಾಕ್ಸಿರೆಡಾಕ್ಸಿನ್‌ಗಳು ಸೀರಂಗೆ ಸೇರುತ್ತವೆ. ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ತಮ್ಮೊಳಗಿನದನ್ನು ಹೊರಹಾಕುತ್ತವೆ. ರಕ್ತದಲ್ಲೇ ಇರುವ ಕಿಣ್ವಗಳು ಪ್ರೋಟೀನ್‌ಗಳನ್ನು ಕತ್ತರಿಸುತ್ತ ಹೋಗುತ್ತವೆ. ಈ ಎರಡು ಗುಂಪುಗಳನ್ನು ಕಂಪ್ಯೂಟರ್ ಕಣ್ಣು ಮುಚ್ಚಿ ಬೇರ್ಪಡಿಸಬಲ್ಲದು. ಅದು ಕಂಡುಹಿಡಿದಿರುವುದು ಮಾತ್ರ ಕಲಬುರಗಿಯ ಬಿಸಿಲನ್ನು.

ಸಾಮಾನ್ಯ ಲ್ಯಾಬಿನಲ್ಲಿ ಈ ಅಪಾಯಕ್ಕೆ ಒಂದು ತಡೆಯಿದೆ. ರಕ್ತಕಣ ಒಡೆದು ಸೀರಂ ನಸುಗೆಂಪಾಗಿ ಕಂಡರೆ ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು, ‘ಹಿಮೋಲೈಸ್ ಆಗಿದೆ, ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸ್ತದ, ಇನ್ನೊಮ್ಮೆ ರಕ್ತ ಕೊಡ್ರಿ’ ಎನ್ನುತ್ತಾರೆ. ನಾನು ಪಾಠ ಮಾಡಿದ ಹುಡುಗರು ಇಂಥ ಟ್ಯೂಬನ್ನು ದೂರದಿಂದಲೇ ಗುರುತಿಸುತ್ತಿದ್ದರು. ಸಂಶೋಧನೆಯ ಮಾದರಿ ಒಮ್ಮೆ ಫ್ರೀಜರಿಗೆ ಹೋಗಿ, ಅಲ್ಲಿಂದ ಬೇರೆ ಊರಿನ ಯಂತ್ರಕ್ಕೆ ಹೋಗಿ, ಅಲ್ಲಿಂದ ಅಂಕಿಯಾಗಿ ಇನ್ನಾರದೋ ಕಂಪ್ಯೂಟರಿಗೆ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡುವವರು ಯಾರೂ ಇರುವುದಿಲ್ಲ. ರಕ್ತ ತೆಗೆದ ಗಂಟೆ, ತಿರುಗಿಸಿದ ಗಂಟೆ, ಫ್ರೀಜರಿಗೆ ಇಟ್ಟ ಗಂಟೆ ಮತ್ತು ಸೀರಂನ ಬಣ್ಣ ಇವಿಷ್ಟನ್ನು ಪ್ರತಿ ಟ್ಯೂಬಿನೊಂದಿಗೆ ದಾಖಲಿಸಿದ್ದರೆ ಮಾತ್ರ ದತ್ತಾಂಶ ಸಂಸ್ಕರಿಸುವವರಿಗೆ ತಾವು ನೋಡುತ್ತಿರುವುದು ಕಾಯಿಲೆಯೋ ಪ್ರಯಾಣವೋ ಎಂಬುದನ್ನು ಪರಿಶೀಲಿಸುವ ದಾರಿ ಸಿಗುತ್ತದೆ.

ಮಾದರಿಗಳು ಸರಿಯಾಗಿದ್ದರೂ ಲೆಕ್ಕದಲ್ಲಿ ಎಡವುವುದಕ್ಕೆ ಅವಕಾಶ ಉಳಿದಿರುತ್ತದೆ. ಎರಡು ಸಾವಿರ ಪ್ರೋಟೀನ್‌ಗಳನ್ನು ಒಂದೊಂದಾಗಿ, ನೂರಕ್ಕೆ ಐದು ಸಲ ತಪ್ಪಾಗಬಹುದಾದ ಸಾಮಾನ್ಯ ಸಂಖ್ಯಾಶಾಸ್ತ್ರೀಯ ಮಾನದಂಡದಲ್ಲಿ ಪರೀಕ್ಷಿಸಿದರೆ, ಯಾವ ವ್ಯತ್ಯಾಸವೂ ಇಲ್ಲದಿದ್ದಾಗಲೂ ಸುಮಾರು ನೂರು ಪ್ರೋಟೀನ್‌ಗಳು ಅದೃಷ್ಟದಿಂದಲೇ ‘ವ್ಯತ್ಯಾಸ ತೋರುತ್ತವೆ’. ಇದಕ್ಕೆ ತಿದ್ದುಪಡಿ ಮಾಡುವ ವಿಧಾನವನ್ನು ಸಂಖ್ಯಾಶಾಸ್ತ್ರಜ್ಞರಾದ ಬೆಂಜಮಿನಿ ಮತ್ತು ಹೊಕ್‌ಬರ್ಗ್ 1995ರಲ್ಲೇ ಕೊಟ್ಟಿದ್ದಾರೆ. ಅದಕ್ಕಿಂತ ಕಾಣದಂತೆ ನುಸುಳುವ ದೋಷ ಇನ್ನೊಂದಿದೆ: ಎಲ್ಲ ಮಾದರಿಗಳನ್ನೂ ಬಳಸಿ ಅತ್ಯುತ್ತಮವಾದ ಹತ್ತು ಪ್ರೋಟೀನ್‌ಗಳನ್ನು ಆರಿಸಿಕೊಂಡು, ಅನಂತರ ಅದೇ ಮಾದರಿಗಳ ಒಂದು ಭಾಗವನ್ನು ಪಕ್ಕಕ್ಕಿಟ್ಟು ‘ಪರೀಕ್ಷೆ’ ನಡೆಸುವುದು. ತರಗತಿಯಲ್ಲಿ ಉತ್ತರ ಬರೆಸಿದ ಪ್ರಶ್ನೆಗಳನ್ನೇ ವಾರ್ಷಿಕ ಪರೀಕ್ಷೆಗೆ ಕೊಟ್ಟು ಫಲಿತಾಂಶ ಶೇ 98 ಎಂದು ಬೋರ್ಡು ಹಾಕಿದಂತಾಗುತ್ತದೆ ಅದು. ಆರಿಸುವ ಹಂತಕ್ಕೆ ಬಾರದ, ಸಾಧ್ಯವಾದರೆ ಬೇರೆ ಊರಿನ ಬೇರೆ ಆಸ್ಪತ್ರೆಯಿಂದ ಬಂದ ಮಾದರಿಗಳ ಮೇಲೆ ಸಿಕ್ಕ ಅಂಕಿಯಷ್ಟೇ ನಂಬಲರ್ಹ.

ಹಾಗೆ ಸಿಕ್ಕ ಅಂಕಿಯೂ ಜನಸಾಮಾನ್ಯರ ನಡುವೆ ಬಂದಾಗ ಏನಾಗುತ್ತದೆ ಎಂಬುದನ್ನು ವರದಿಗಾರರು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಬೇಕು. 2002ರ ಆ ಅಧ್ಯಯನದ ಅಂಕಿಗಳೇ ಇರಲಿ: ರೋಗವಿದ್ದವರೆಲ್ಲರೂ ಸಿಗುತ್ತಾರೆ, ರೋಗವಿಲ್ಲದವರಲ್ಲಿ ಶೇ 95ರಷ್ಟು ಮಂದಿಗೆ ಮಾತ್ರ ಸರಿಯಾಗಿ ‘ಇಲ್ಲ’ ಎಂದು ಬರುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು 2,500ಕ್ಕೆ ಒಬ್ಬರಲ್ಲಿರುತ್ತದೆ ಎಂಬುದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂದಾಜು. ಅದೇ ಪ್ರಮಾಣದಲ್ಲಿ 25,000 ಮಹಿಳೆಯರನ್ನು ಪರೀಕ್ಷಿಸಿದರೆ ನಿಜವಾದ ರೋಗಿಗಳು 10 ಮಂದಿ, ರೋಗವಿಲ್ಲದೆಯೂ ‘ಪಾಸಿಟಿವ್’ ಎನಿಸಿಕೊಳ್ಳುವವರು ಸುಮಾರು 1,250 ಮಂದಿ. ಆ 1,250 ಮಂದಿಯಲ್ಲಿ ಹಲವರಿಗೆ ಅನುಮಾನ ಬಗೆಹರಿಯಬೇಕಾದರೆ ಸ್ಕ್ಯಾನಿಂಗ್ ಸಾಲದೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹೊಲ ಅಡವಿಟ್ಟು ಹೈದರಾಬಾದಿಗೆ ಹೋಗುವವರೂ ಅವರಲ್ಲಿ ಇರುತ್ತಾರೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ಸಿಎ-125 ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಬಳಸಿ ನಡೆಸಿದ ದೀರ್ಘ ಅಧ್ಯಯನವು, ಇಂಥ ತಪಾಸಣೆಯಿಂದ ಅಂಡಾಶಯದ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ವರದಿ ಮಾಡಿದೆ.

ಇಷ್ಟೆಲ್ಲ ಬರೆದದ್ದರಿಂದ ಈ ವಿದ್ಯೆಯೇ ವ್ಯರ್ಥವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಅದೇ ಬಗೆಯ ಯಂತ್ರವನ್ನು ಬಳಸಿ, ಆದರೆ ಹಲವು ಆಸ್ಪತ್ರೆಗಳಿಂದ ಮಾದರಿಗಳನ್ನು ತರಿಸಿ ಹುಡುಕಿದವರಿಗೆ ಅಂಡಾಶಯದ ಕ್ಯಾನ್ಸರಿನ ಸೂಚಕಗಳಾಗಿ ಸಿಕ್ಕವುಗಳಲ್ಲಿ ಟ್ರಾನ್ಸ್‌ಥೈರೆಟಿನ್ ಮತ್ತು ಅಪೊಲಿಪೊಪ್ರೋಟೀನ್ ಎ1 ಎಂಬ ಪ್ರೋಟೀನ್‌ಗಳೂ ಇದ್ದವು. ಇವೆರಡನ್ನೂ ಒಳಗೊಂಡ, ಐದು ಪ್ರೋಟೀನ್‌ಗಳನ್ನು ಅಳೆಯುವ ಓವಿಎ1 ಪರೀಕ್ಷೆಗೆ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಒಪ್ಪಿಗೆಯ ಮಿತಿಯನ್ನು ಗಮನಿಸಬೇಕು: ಅದು ಎಲ್ಲರನ್ನೂ ತಪಾಸಣೆ ಮಾಡುವುದಕ್ಕಲ್ಲ, ಅಂಡಾಶಯದ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ನಿಶ್ಚಯವಾದ ಮಹಿಳೆಯನ್ನು ಕ್ಯಾನ್ಸರ್ ತಜ್ಞರ ಬಳಿಗೆ ಕಳುಹಿಸಬೇಕೇ ಎಂದು ನಿರ್ಧರಿಸುವುದಕ್ಕೆ. ಇಲ್ಲಿ ನಮ್ಮ ಭಾಗದವರು ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಟ್ರಾನ್ಸ್‌ಥೈರೆಟಿನ್ ಕ್ಯಾನ್ಸರಿನಲ್ಲಷ್ಟೇ ಅಲ್ಲ, ಅಪೌಷ್ಟಿಕತೆಯಲ್ಲೂ ಸೋಂಕಿನಲ್ಲೂ ಇಳಿಯುತ್ತದೆ. ಅಮೆರಿಕದ ಮಹಿಳೆಯರ ರಕ್ತದಿಂದ ಗೊತ್ತುಪಡಿಸಿದ ಗೆರೆಯನ್ನು ಯಾದಗಿರಿ ಜಿಲ್ಲೆಯ, ಅರೆಹೊಟ್ಟೆಯಲ್ಲಿ ಕೂಲಿಗೆ ಹೋಗುವ ಮಹಿಳೆಗೆ ಹಾಗೆಯೇ ಅನ್ವಯಿಸಿದರೆ ಹಸಿವೇ ಕ್ಯಾನ್ಸರಾಗಿ ಕಂಡೀತು. ನಮ್ಮ ಜನರ ರಕ್ತದ ಮೇಲೆ ನಮ್ಮಲ್ಲಿಯೇ ಅಧ್ಯಯನವಾಗಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ತೋರುವುದಿಲ್ಲ.

ಅಂಥ ಅಧ್ಯಯನಕ್ಕೆ ಕಲಬುರಗಿಯಲ್ಲಿ ಅನುಕೂಲಗಳೂ ಇವೆ. ಜಿಮ್ಸ್ (ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ), ಇಎಸ್‌ಐ ವೈದ್ಯಕೀಯ ಕಾಲೇಜು, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇವೆಲ್ಲ ಒಂದೇ ನಗರದಲ್ಲಿದ್ದು, ಬೀದರ್ ಮತ್ತು ಯಾದಗಿರಿಯ ರೋಗಿಗಳೂ ಇಲ್ಲಿಗೇ ಬರುತ್ತಾರೆ. ನಮ್ಮ ಭಾಗಕ್ಕೂ ಒಂದು ಅತ್ಯಾಧುನಿಕ ಪ್ರೋಟೀನ್ ಪ್ರಯೋಗಾಲಯ ಬೇಕು ಎಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಮೊದಲು ಟೆಂಡರ್ ಕರೆದು, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಜನರೇಟರ್ ಬೆಂಬಲವಿಲ್ಲದೆ, ಟ್ಯೂಬಿನ ಮೇಲೆ ಗಂಟೆ ಬರೆಯುವ ಪದ್ಧತಿಯಿಲ್ಲದೆ, ಸಂಖ್ಯಾಶಾಸ್ತ್ರಜ್ಞರ ಹುದ್ದೆಯೇ ಮಂಜೂರಾಗದೆ ಕೆಲಸ ಆರಂಭಿಸುವುದು ಕ್ರಮವಲ್ಲ. ಯಂತ್ರದ ಕೆಲಸಕ್ಕೆ ಮಾದರಿಗಳನ್ನು ಸದ್ಯ ಬೆಂಗಳೂರಿಗೆ ಕಳುಹಿಸಿದರಾಯಿತು. ಮಾನವ ದೇಹದ ಪ್ರೋಟೀನ್‌ಗಳ ಕರಡು ನಕ್ಷೆಯನ್ನು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿ, 17,294 ಜೀನ್‌ಗಳ ಪ್ರೋಟೀನ್‌ಗಳನ್ನು ಗುರುತಿಸಿದ ತಂಡದಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ವಿಜ್ಞಾನಿಗಳ ಪಾಲು ದೊಡ್ಡದು. ಕೆಟ್ಟ ಮಾದರಿಯನ್ನು ಮಾತ್ರ ಬೆಂಗಳೂರಿನ ಯಂತ್ರವೂ ಸರಿಪಡಿಸಲಾರದು.

ಹ್ಯೂಸ್ಟನ್ನಿನ ಆ ಮೂವರು ತಪ್ಪನ್ನು ಹಿಡಿದದ್ದು ಹೊಸದಾಗಿ ಒಂದು ಹನಿ ರಕ್ತವನ್ನೂ ಯಂತ್ರಕ್ಕೆ ಹಾಕಿಯಲ್ಲ. ಅವರ ಬಳಿ ಇದ್ದದ್ದು ಸಾರ್ವಜನಿಕವಾಗಿದ್ದ ದತ್ತಾಂಶ ಮತ್ತು ಲೆಕ್ಕದ ತಿಳಿವಳಿಕೆ. ಇಂದು ಅಂಥ ದತ್ತಾಂಶ ಪ್ರೈಡ್ ಎಂಬ ಮುಕ್ತ ಭಂಡಾರದಲ್ಲಿ ರಾಶಿ ರಾಶಿಯಾಗಿ ಸಿಗುತ್ತದೆ. ಅದನ್ನು ಸಂಸ್ಕರಿಸುವ ಮ್ಯಾಕ್ಸ್‌ಕ್ವಾಂಟ್, ಲೆಕ್ಕ ಹಾಕುವ ಆರ್ ಮುಂತಾದ ತಂತ್ರಾಂಶಗಳಿಗೆ ಕಾಸು ಕೊಡಬೇಕಾಗಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಜೀವವಿಜ್ಞಾನ ಮತ್ತು ಕಂಪ್ಯೂಟರ್ ವಿಭಾಗಗಳು ಒಟ್ಟಾಗಿ, ಪ್ರಕಟವಾದ ಯಾವುದಾದರೂ ಒಂದು ಅಧ್ಯಯನದ ದತ್ತಾಂಶವನ್ನು ಇಳಿಸಿಕೊಂಡು ಮೊದಲಿನಿಂದ ಮತ್ತೆ ಸಂಸ್ಕರಿಸುವುದನ್ನು ಎಂ.ಎಸ್ಸಿ. ಪ್ರಾಜೆಕ್ಟಾಗಿ ಕೊಡಬಹುದು. ತಮ್ಮ ವರದಿಗಾರರು ಮುಂದಿನ ಸಲ ಇಂಥ ಸುದ್ದಿ ಬರೆಯುವಾಗ ಆ ವಿಭಾಗಗಳಿಗೆ ಫೋನು ಮಾಡಿ, ರೋಗಿಗಳ ರಕ್ತವನ್ನೂ ಉಳಿದವರ ರಕ್ತವನ್ನೂ ಒಂದೇ ರೀತಿ ತೆಗೆದು, ಟ್ಯೂಬುಗಳ ಕ್ರಮವನ್ನು ಕಲೆಸಿ, ಒಂದೇ ಸರದಿಯಲ್ಲಿ ಯಂತ್ರಕ್ಕೆ ಹಾಕಿದ್ದರೇ, ಬೇರೊಂದು ಆಸ್ಪತ್ರೆಯ ಮಾದರಿಗಳ ಮೇಲೆ ಪರೀಕ್ಷಿಸಿದ್ದರೇ, ದತ್ತಾಂಶವನ್ನು ಸಾರ್ವಜನಿಕವಾಗಿ ಇಟ್ಟಿದ್ದಾರೆಯೇ ಎಂದು ಮೂಲ ಪ್ರಬಂಧವನ್ನು ಓದಿ ಹೇಳುವಂತೆ ಕೇಳಿಕೊಳ್ಳಲಿ. ಉತ್ತರ ಎರಡೇ ಸಾಲಿನಲ್ಲಿದ್ದರೂ ಅದನ್ನು ಸುದ್ದಿಯ ಜೊತೆಗೇ ಅಚ್ಚು ಹಾಕಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವರಸಾಯನಶಾಸ್ತ್ರ ಉಪನ್ಯಾಸಕ,
ಕಲಬುರಗಿ